ಬ ಖರಾಬು

ಬೆಂಗಳೂರು ಪೂರ್ವ ತಾಲ್ಲೂಕು, ಗ್ರಾಮ ಹುಡೇದಹಳ್ಳಿ,
ಸರ್ವೆ ನಂಬರು ನಲವತ್ತಾರು.
ನಕಾಶೆಯ ಬಟ್ಟೆ ಮಡಿಕೆಗಳಲ್ಲಿ ಹರಿದಿದೆ.
ಎಲ್ಲರ ಹೊಲಕ್ಕೂ ನೇರ ಗೆರೆ, ಒಂದು ಮಾತ್ರ ಬಾಗಿದೆ
ಕುದುರೆಲಾಳದ ಹಾಗೆ, ತೆಂಕಲಿಗೆ ಬಾಯಿ ಬಿಟ್ಟುಕೊಂಡು.
ಯಾವನೋ ಗುಮಾಸ್ತ ಕೆಂಪು ಶಾಯಿಯಲ್ಲಿ ಬರೆದಿದ್ದಾನೆ:
ಕೋಟೆ ಅಗಳು. ಒಂದು ಎಕರೆ ಹನ್ನೊಂದು ಗುಂಟೆ. ಬ ಖರಾಬು.
ಬೆಳೆಯಿಲ್ಲ, ಕಂದಾಯವಿಲ್ಲ, ಯಾರ ಹೆಸರೂ ಇಲ್ಲ.

ನಾನು ಬಂದದ್ದು ಚರಂಡಿ ಅಳೆಯಲು.
ಸರಪಳಿಯ ಕಾಲ ಹೋಯಿತು, ಈಗ ಮೂರು ಕಾಲಿನ ಯಂತ್ರ.
ಅದರ ಕಣ್ಣಿಗೆ ಬಿದ್ದದ್ದು ಒಂದು ಬೇಕರಿ, ಒಂದು ಜಿಮ್ಮು,
ಇಸ್ತ್ರಿ ಗಾಡಿ, ಮೂರನೇ ಅಡ್ಡರಸ್ತೆ.
ಆ ರಸ್ತೆ ಯಾಕೆ ಬಾಗುತ್ತದೆಂದು
ಲೇಔಟು ಬರೆದವನಿಗೂ ಗೊತ್ತಿಲ್ಲ.
ಶಾಲೆಯ ವ್ಯಾನು, ಹಾಲಿನ ಟೆಂಪೊ, ಎಲ್ಲ ತಿರುಗುತ್ತವೆ
ಇಲ್ಲದ ಗೋಡೆಯ ಸುತ್ತ, ಮರ್ಯಾದೆಯಿಂದ.

ಗೊತ್ತಿರುವುದು ನೆಲಮಾಳಿಗೆಗಳಿಗೆ.
ಹಸ್ತೆ ಮಳೆ ನಿಂತು ವಾರವಾದರೂ
ಬಾಗಿದ ರಸ್ತೆಯ ಮನೆಗಳಿಗೆ ಮಾತ್ರ
ಕೆಳಗಿನಿಂದ ನೀರು. ಕಾರಿನ ಚಕ್ರ ಮುಳುಗುವಷ್ಟು.
ಆಗ ಬರುತ್ತಾನೆ ಪಿಳ್ಳಪ್ಪ, ಲಗೇಜು ಆಟೋದಲ್ಲಿ ಪಂಪು ಹೇರಿಕೊಂಡು.
ಗಂಟೆಗೆ ನಾನೂರು, ಡೀಸೆಲ್ಲು ಬೇರೆ.
"ಎಷ್ಟು ಎತ್ತಿದ್ರೂ ಅಷ್ಟೇ ಮೇಡಂ,
ಅದರ ಜಾಗಕ್ಕೆ ಅದು ಬತ್ತದೆ.
ಪೂರಾ ಕೇಳ್ಬೇಕಂದ್ರೆ ನಮ್ಮಜ್ಜಿ ಅವ್ಳೆ, ಬನ್ನಿ."

ಮುನಿಗಂಗಮ್ಮ ದಂಟಿನ ಸೊಪ್ಪು ಕಟ್ಟುತ್ತಿದ್ದಳು.
ಕಟ್ಟುವುದು ನಿಲ್ಲಿಸಲಿಲ್ಲ.

"ಗೌಡ ಹುಡೇವಿನ ಮನೆ ಕಟ್ತೀನಿ ಅಂದ. ಕಲ್ಲಿಗೆ ದುಡ್ಡಿಲ್ಲ.
ನಮ್ಮೋರು ಮಣ್ಣು ತೋಡಿದ್ರು.
ತೋಡಿದ್ ಕಡೆ ಅಗಳು, ಹಾಕಿದ್ ಕಡೆ ಗೋಡೆ.
ಹತ್ತು ಬುಟ್ಟಿಗೆ ಒಂದ್ ಹಿಡಿ ರಾಗಿ.
ಗೋಡೆ ಎದ್ಮೇಲೆ ಗೌಡ ಒಳಗೆ, ಹಗೇವು ಒಳಗೆ, ದನ ಒಳಗೆ.
ನಾವು ಆಚೆ.
ದೀಪ ಹಚ್ಚೋ ಹೊತ್ಗೆ ತಾಳೆ ಹಲಗೆ ಎಳ್ಕಂಬುಡೋರು."

ದಂಡು ಬಂದ ರಾತ್ರಿ ಹಲಗೆ ಇನ್ನೂ ಬೇಗ ಎಳೆದರಂತೆ.
ಯಾರ ದಂಡು, ಕೇಳಿದೆ.
"ಕುದ್ರೆ ಮೇಲಿದ್ದೋರು" ಅಂದಳು,
ಅಷ್ಟು ಸಾಲದೇ ಎನ್ನುವಂತೆ.

ಆಚೆ ಉಳಿದವರು ನಲವತ್ತು ಜನ.
ಓಡಲು ಬಯಲು, ಬಯಲ ತುಂಬ ಗೊರಸು.
ತಾವೇ ತೋಡಿದ್ದಕ್ಕೆ ತಾವೇ ಇಳಿದರು,
ಆಪಿನ ಮರೆಯಲ್ಲಿ, ಕುತ್ತಿಗೆಯವರೆಗೆ.
ಎಲ್ಲಿ ಆಳ, ಎಲ್ಲಿ ಮೆಟ್ಟಿಲಿನಂಥ ಬಂಡೆ,
ಕಾಲಿಗೆ ಗೊತ್ತಿತ್ತು.
ಒಬ್ಬಳು ಕೂಸಿನ ಬಾಯಿಗೆ ಮೊಲೆಯಿಟ್ಟು
ಇಡೀ ರಾತ್ರಿ ತೆಗೆಯಲಿಲ್ಲ.
ತಲೆಯ ಮೇಲೆ ಪಂಜಿನ ಬಾಣ ಈಚೆಯಿಂದ ಆಚೆಗೆ,
ಹುಲ್ಲು ಮಾಡಿಗೆ ಹತ್ತಿತು, ಮಾಡಿನಿಂದ ಹಗೇವಿಗೆ.
ಮೂರು ದಿನ ಊರೆಲ್ಲ ಹುರಿದ ರಾಗಿಯ ವಾಸನೆ,
ಹಸಿದವರ ಹೊಟ್ಟೆ ಹಿಂಡುವ ಹಾಗೆ.
"ಬೆಂಕಿಗೆ ಈಜು ಬರಾಕಿಲ್ಲ ತಾಯಿ" ಅಂದಳು.
"ಆ ಕೂಸಿಂದ ನಾವು."

ಆಮೇಲೆ ಗೋಡೆ ಕಾಯುವವರಿರಲಿಲ್ಲ.
ಮಳೆ ಬಂದಷ್ಟು ಸಲ ಒಂದೊಂದು ಬುಟ್ಟಿಯಂತೆ
ಗೋಡೆ ಅಗಳಿಗೇ ಇಳಿಯಿತು,
ಎರವಲು ತಂದ ಮಣ್ಣು, ಕೂಲಿ ಕೇಳದೆ.
ಅದರ ಮೇಲೆ ಹುರುಳಿ, ಹುರುಳಿಯ ಮೇಲೆ ಇಟ್ಟಿಗೆಗೂಡು,
ಗೂಡಿನ ಮೇಲೆ ಮೂವತ್ತು ನಲವತ್ತರ ಸೈಟು.

ಉಳಿದಿರುವುದನ್ನು ಪಿಳ್ಳಪ್ಪ ತೋರಿಸಿದ:
ಟ್ರಾನ್ಸ್‌ಫಾರ್ಮರಿನ ಹಿಂದೆ ಎದೆಯೆತ್ತರದ ಕೆಂಪು ಮಣ್ಣಿನ ದಿಮ್ಮೆ.
ಕೋವಿ ಇಡುತ್ತಿದ್ದ ತೂತಿನಲ್ಲಿ ಗೊರವಂಕ.
ಒಂದು ಮುಖಕ್ಕೆ ಎಲೆಯಡಿಕೆಯ ಉಗುಳು,
ಇನ್ನೊಂದಕ್ಕೆ ಹುತ್ತ, ಹುತ್ತಕ್ಕೆ ಅರಿಶಿನ.
ಮುಟ್ಟಿದೆ. ಒಳಗೆ ಬೆರಳಿನ ಗುರುತುಗಳಿದ್ದವು,
ಅಥವಾ ಗೆದ್ದಲ ದಾರಿ. ನಾನು ಅಳೆಯಲಿಲ್ಲ.

ಸಂಜೆ ಹನ್ನೆರಡನೇ ನಂಬರಿನ ಮನೆಯಲ್ಲಿ ಪಂಪು ಕೂಗುತ್ತಿತ್ತು.
ಪೈಪಿನ ಬಾಯಿ ರಸ್ತೆಗೆ. ನೀರು ಒಂದು ಕ್ಷಣ ನಿಂತು,
ಹಳೆಯ ಗುರುತು ಹಿಡಿದು,
ತಿರುವಿನಲ್ಲಿ ತಿರುಗಿ ಹದಿನಾರನೇ ನಂಬರಿನ ಗೇಟಿನಡಿ ನುಗ್ಗಿತು.
ನನ್ನ ಕೈಯಲ್ಲಿ ಷರಾ ಬರೆಯಬೇಕಾದ ಹಾಳೆ.
ಪಿಳ್ಳಪ್ಪನ ಜೇಬಿನಲ್ಲಿ ಫೋನು ಆಗಲೇ ಬಡಿದುಕೊಳ್ಳುತ್ತಿತ್ತು.
"ಬಂದೆ ಸಾರ್" ಅಂದ, ನನ್ನ ಕಡೆ ನೋಡಿ ನಗುತ್ತ,
"ಪಕ್ಕದಲ್ಲೇ ಇದ್ದೀನಿ."